ಉಳಿಯ ಮೇಲೆ ಹೊರಿಸಿದ ತಪ್ಪು

ಬಡಗಿಯ ಮನೆಯಲ್ಲಿ ಒಂದು ಉಳಿಯೂ ಇಲ್ಲ ಎಂದರೆ ನಂಬುತ್ತೀರಾ? ಹರೆಯದ ಮಗ ಉಳಿ ತಾಗಿ, ರಕ್ತ ನಿಲ್ಲದೆ ತೀರಿಕೊಂಡಿದ್ದ. ಬಡಗಿಯ ಹೆಂಡತಿ ಮನೆಯಲ್ಲಿದ್ದ ಉಳಿಗಳನ್ನೆಲ್ಲ ಬಾವಿಗೆ ಎಸೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಂಡ ಗೊಣಗಿದನೇ ಹೊರತು ಎದುರಾಡಲಿಲ್ಲ. ಈಗ ಅವನು ಬೇರೆಯವರು ಮಾಡಿದ ಮೇಜು ಕುರ್ಚಿಗಳಿಗೆ ಪಾಲಿಶ್ ಹೊಡೆಯುತ್ತಾನೆ. ಮನೆ ತುಂಬ ವಾರ್ನಿಶ್ ವಾಸನೆ, ಮಾತು ಕಡಿಮೆ.

ಮಗಳು ಬಸುರಿಯಾದಳು. ಮಗ ಹೋದ ಬಗೆ ಗೊತ್ತಿದ್ದ ಊರಿನ ನರ್ಸಮ್ಮ ಬಂದು, "ಅವಳಿಗೊಂದು ರಕ್ತ ಪರೀಕ್ಷೆ ಮಾಡಿಸೋಣ ಅಕ್ಕಾ" ಅಂದಾಗ ತಾಯಿಗೆ ಮೈಯೆಲ್ಲ ಉರಿಯಿತು.

"ಈ ಮನೇಲಿ ಹರಿದ ರಕ್ತ ಸಾಲದೇನಮ್ಮಾ? ನನ್ನ ಮಗನ್ನ ತಿಂದಿದ್ದು ಆ ಹಾಳು ಉಳಿ. ಅದಕ್ಕೂ ಇವಳಿಗೂ ಏನು ಸಂಬಂಧ?"

"ನಿಮ್ಮ ತವರಲ್ಲಿ ಯಾರಿಗಾದ್ರೂ ಹೀಗಾಗಿತ್ತಾ?"

"ನಮ್ಮಣ್ಣ ಚಿಕ್ಕ ವಯಸ್ಸಲ್ಲೇ ಹೋದ. ಹಲ್ಲು ಕಿತ್ತೋನು ಕೊಂದುಬಿಟ್ಟ."

"ಅಲ್ಲಿ ಹಲ್ಲು, ಇಲ್ಲಿ ಉಳಿ. ಎರಡು ಕಡೇನೂ ರಕ್ತ ನಿಲ್ಲಲಿಲ್ಲ, ಅಲ್ವಾ ಅಕ್ಕಾ?"

ತಾಯಿ ತಿರುಗಿ ನೋಡಿದಳು. ಬಾಗಿಲಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನರ್ಸಮ್ಮ ಬಿಡಿಸಿ ಹೇಳಿದಳು:

"ಮೂಗು, ಬಣ್ಣ ಎಲ್ಲ ಅಪ್ಪ ಅಮ್ಮನಿಂದ ಬರಲ್ವಾ? ಕೆಲವು ಕಾಯಿಲೇನೂ ಹಾಗೇ, ಜೀನ್ ಜೊತೆ ಬರುತ್ತೆ. ಯಾವ ಜೀನ್ ಎಲ್ಲಿದೆ ಅಂತ ವಿಜ್ಞಾನಿಗಳು ನಕ್ಷೆ ಮಾಡಿದಾರೆ. ರಕ್ತ ಹೆಪ್ಪುಗಟ್ಟದ ಈ ಕಾಯಿಲೇದೂ ಗೊತ್ತಿದೆ. ಹೆಚ್ಚಾಗಿ ನರಳೋರು ಗಂಡುಮಕ್ಕಳು. ಹೆಣ್ಣುಮಕ್ಕಳು ಗಟ್ಟಿಮುಟ್ಟಾಗೇ ಇದ್ದು ಮಕ್ಕಳಿಗೆ ದಾಟಿಸಬಹುದು."

"ಅಂದ್ರೆ, ನಾನೇ ಕೊಟ್ಟೆ ಅಂತೀಯಾ?"

"ಬೇಕೂಂತ ಕೊಟ್ರಾ? ಇದು ಯಾರ ತಪ್ಪೂ ಅಲ್ಲ."

"ಮೊದಲೇ ಗೊತ್ತಾಗಿದ್ರೆ ಅವನು ಬದುಕ್ತಿದ್ನಾ?"

ನರ್ಸಮ್ಮನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಬದುಕಬಹುದಿತ್ತು ಅಕ್ಕಾ. ಇದಕ್ಕೆ ಇಂಜೆಕ್ಷನ್ ಇದೆ."

ತಾಯಿ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ತಾನೇ ಮಗಳ ಚಪ್ಪಲಿಯನ್ನು ಬಾಗಿಲಿಗೆ ತಂದಿಟ್ಟು, "ನಡಿಯೇ" ಅಂದಳು.

ಪರೀಕ್ಷೆಯಲ್ಲಿ ಅನುಮಾನ ನಿಜವಾಯಿತು, ಮಗಳಲ್ಲೂ ಆ ಜೀನ್ ಇತ್ತು. ಹುಟ್ಟಿದ ಗಂಡುಮಗುವಿಗೂ ಕಾಯಿಲೆ ಇತ್ತು. ಆದರೆ ಡಾಕ್ಟರಿಗೆ ಮೊದಲೇ ಗೊತ್ತಿದ್ದರಿಂದ ಹೆರಿಗೆಯನ್ನು ಎಚ್ಚರದಿಂದ ಮಾಡಿಸಿದರು, ಔಷಧಿ ಕೈಗೆಟುಕುವಂತೆ ಇಟ್ಟುಕೊಂಡಿದ್ದರು. ಮಗು ಬದುಕಿದೆ. ಅದು ಬದುಕಿರುವಷ್ಟು ಕಾಲವೂ ಚಿಕಿತ್ಸೆ ಬೇಕು, ಎಚ್ಚರ ಬೇಕು. ಮೊಮ್ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡಾಗ ಅಜ್ಜಿಗೆ ಮಗನದೇ ನೆನಪು. ಆ ಸಂಕಟಕ್ಕೆ ಮದ್ದಿಲ್ಲ.

ನಿಮ್ಮ ವಂಶದಲ್ಲೂ ಒಂದೇ ಬಗೆಯ ಕಾಯಿಲೆ ಮತ್ತೆ ಮತ್ತೆ ಬಂದಿದೆಯೇ? ಹಣೆಬರಹವೆಂದು ಕೈಚೆಲ್ಲಬೇಡಿ, ನಾಚಿಕೆಯಿಂದ ಮುಚ್ಚಿಡಬೇಡಿ, ಹೆಂಡತಿಯ ಮೇಲೋ ಸೊಸೆಯ ಮೇಲೋ ತಪ್ಪು ಹೊರಿಸಬೇಡಿ. ತಾಯಿಯ ಕಡೆ, ತಂದೆಯ ಕಡೆ ಯಾರು ಹೇಗೆ ತೀರಿಕೊಂಡರೆಂದು ಹಿರಿಯರನ್ನು ಕೇಳಿ, ಡಾಕ್ಟರಿಗೆ ಹೇಳಿ. ಹೋದವರು ಹೋದರು. ಹುಟ್ಟಲಿರುವ ಮಗುವಿಗಾಗಿ ಇವತ್ತೇ ಬಾಯಿಬಿಡಿ.