ಸೀಟಿ ಮಾಸ್ತರ ನಾಡಿ

ಸೀಟಿ ಮಾಸ್ತರು ಬಿದ್ದದ್ದು ಓಡುವಾಗಲ್ಲ, ನಿಂತಾಗ. ನೋಡಲು ಬಂದವರಿಗೆಲ್ಲ ಅವರು ಇದನ್ನು ಒತ್ತಿ ಒತ್ತಿ ಹೇಳುತ್ತಿದ್ದರು, ಓಡುವಾಗ ಬಿದ್ದಿದ್ದರೆ ಮಾನವೇ ಹೋಗುತ್ತಿತ್ತು ಎಂಬಂತೆ. ಮೂವತ್ತನಾಲ್ಕು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಿ ನಿವೃತ್ತರಾದ ವ್ಯಾಯಾಮದ ಮಾಸ್ತರು ಅವರು. ಬಾಯಲ್ಲಿ ಮಾತಿಗಿಂತ ಸೀಟಿಯೇ ಹೆಚ್ಚು ಹೊತ್ತು ಇರುತ್ತಿದ್ದದ್ದರಿಂದ ಆ ಹೆಸರು. ಬಿಪಿ ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು. ಅಂದು ಪಾರ್ಕಿನ ಸುತ್ತ ಓಡುತ್ತಾ, ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು, ನಿಮಿಷಕ್ಕೆ ನೂರ ಮೂವತ್ತು ಬಡಿತ ಬರಲೇಬೇಕೆಂದು ಹಟ ಹಿಡಿದಿದ್ದರು. ಅದೋ, ತೊಂಬತ್ತೆಂಟು ದಾಟಲೊಲ್ಲದು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಕೊನೆಗೆ ಸಿಟ್ಟು ನೆತ್ತಿಗೇರಿ ಗಕ್ಕನೆ ನಿಂತರು. ನಿಂತವರು ಸುಮ್ಮನಿರಬಾರದೆ? ಹಳೆಯ ಅಭ್ಯಾಸ, ಹಿಮ್ಮಡಿ ಜೋಡಿಸಿ ಎದೆ ಸೆಟೆಸಿದರು. ಹಾಗೆ ಸೆಟೆದುಕೊಂಡೇ ಧೊಪ್ಪನೆ ನೆಲಕ್ಕೆ ಬಿದ್ದರು.

ಮೊಣಕೈ ತರಚಿತ್ತು, ಮಂಡಿ ಊದಿತ್ತು, ಅಷ್ಟೇ. ಡಾಕ್ಟರಮ್ಮ ಪಟ್ಟಿ ಕಟ್ಟಿಸಿ, ಎದುರು ಕೂರಿಸಿಕೊಂಡು ಹೇಳಿದರು.

“ಈ ಮಾತ್ರೆ ನಿಮ್ಮ ಎದೆಬಡಿತ ಜಾಸ್ತಿ ಆಗದ ಹಾಗೆ ಹಿಡಿದಿಟ್ಟುಕೊಳ್ಳುತ್ತೆ ಸಾರ್. ಅದರ ಕೆಲಸವೇ ಅದು. ಎಷ್ಟು ಓಡಿದ್ರೂ ಆ ನಂಬರ್ ಬರಲ್ಲ, ಬರಬೇಕಾಗೂ ಇಲ್ಲ. ಎಣಿಸೋದು ಬಿಟ್ಬಿಡಿ.”

“ಎಣಿಸದೆ ವ್ಯಾಯಾಮ ಹೇಗಮ್ಮ?”

“ಮಾತಾಡ್ತಾ ನಡೀರಿ. ಪಕ್ಕದವರ ಜೊತೆ ಆರಾಮಾಗಿ ಮಾತಾಡೋಕೆ ಆಗ್ತಿದ್ರೆ ನಡಿಗೆ ಸರಿಯಾಗಿದೆ ಅಂತ. ಮಾತು ತುಂಡಾಗ್ತಿದ್ರೆ ವೇಗ ಕಡಿಮೆ ಮಾಡಿ. ಗಕ್ಕಂತ ನಿಲ್ಲಬೇಡಿ, ಕೊನೇ ಹತ್ತು ನಿಮಿಷ ನಿಧಾನಕ್ಕೆ ನಡೆದು ಆಮೇಲೆ ನಿಲ್ಲಿ. ಮಾತ್ರೆಯನ್ನಂತೂ ನೀವಾಗೇ ಬಿಡೋ ಹಾಗಿಲ್ಲ. ಬಿದ್ದಿದ್ದಕ್ಕಿಂತ ಅದು ಅಪಾಯ.”

ಅಲ್ಲಿಯ ತನಕ ಅಳುತ್ತಾ ಕೂತಿದ್ದ ಮಗಳಿಗೆ ತಡೆಯಲಾರದೆ ನಗು ಬಂತು. “ನಮ್ಮಪ್ಪನಿಗೆ ಮಾತಾಡೋಕೆ ಹೇಳ್ತಿದ್ದೀರಾ ಡಾಕ್ಟ್ರೇ? ಅವರಿಗೆ ಬೆಟ್ಟ ಹತ್ತೋದೇ ಸುಲಭ.”

ಮಾತಾಡುವುದಾದರೂ ಯಾರ ಜೊತೆ? ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ. ಮಗಳದ್ದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಗಾಗುತ್ತಲೇ ಬಂದು ಸಾಲಾಗಿ ಕೂತಿರುವುದರಿಂದ ಅವಳು ಆರು ಗಂಟೆಗೇ ಮನೆ ಬಿಡಬೇಕು. ಉಳಿದವನು ಅಳಿಯ. ಅಯ್ಯೋ, ಆ ಅಳಿಯನೋ!

ಅಳಿಯನ ಕಸುಬು ಸೋಫಾ, ಕುರ್ಚಿಗಳಿಗೆ ಮೆತ್ತೆ ಹೊದಿಸುವುದು. ಮಾವನ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಜನರನ್ನು ಎಬ್ಬಿಸಿ ಓಡಿಸುವುದೇ ಬಾಳಾಗಿದ್ದ ಮನುಷ್ಯನಿಗೆ ಜನರನ್ನು ಮೆತ್ತಗೆ ಕೂರಿಸುವ ಅಳಿಯ ಸಿಕ್ಕರೆ ಏನಾಗಬೇಕೋ ಅದೇ ಆಗಿತ್ತು. ಒಂಬತ್ತು ವರ್ಷದಲ್ಲಿ ಇಬ್ಬರೂ ಆಡಿದ ಮಾತನ್ನೆಲ್ಲ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆದರೂ ಜಾಗ ಉಳಿಯುತ್ತಿತ್ತು. ಅಳಿಯ ಎದುರಿಗೇ ಕೂತಿದ್ದರೂ ಮಾಸ್ತರು ಮಗಳಿಗೆ, “ಫ್ಯಾನ್ ಆಫ್ ಮಾಡೋಕೆ ನಿನ್ನ ಯಜಮಾನರಿಗೆ ಹೇಳು” ಎನ್ನುತ್ತಿದ್ದರು. ಅಳಿಯನ ಬಾಯಲ್ಲಿ ಸದಾ ನಾಲ್ಕಾರು ಸಣ್ಣ ಮೊಳೆ. ಒಂದೊಂದೇ ತೆಗೆದು ಬಡಿಯುವವನು ಎದುರು ಮಾತಾಡುವುದೆಲ್ಲಿ ಬಂತು? ಆದರೆ ಮಾವ ತನ್ನನ್ನು ಒಮ್ಮೆಯಾದರೂ ನೇರವಾಗಿ ಕರೆಯಲಿ ಎಂದು ಅವನು ಒಂಬತ್ತು ವರ್ಷ ಕಾದಿದ್ದ. ಹೆಂಡತಿಗೂ ಇದನ್ನು ಹೇಳಿರಲಿಲ್ಲ.

ಮೊದಲ ದಿನ ಪಾರ್ಕಿನಲ್ಲಿ ಇಬ್ಬರೂ ಶವಯಾತ್ರೆಗೆ ಹೊರಟವರಂತೆ ನಡೆದರು.

“ಇವತ್ತು ಗಾಳಿ ಚೆನ್ನಾಗಿದೆ ಅಲ್ವಾ ಮಾವ?”

“ಹೂಂ.”

“ಹೂಂ ಅಂದ್ರೆ ಲೆಕ್ಕಕ್ಕೆ ಬರಲ್ಲ ಮಾವ. ಮಾತಾಡಬೇಕಂತೆ.”

ಮಾಸ್ತರು ಸ್ವಲ್ಪ ದೂರ ಯೋಚಿಸುತ್ತಾ ನಡೆದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹದಿಮೂರರ ಮಗ್ಗಿ ಶುರು ಮಾಡಿದರು. ಬೆಂಚಿನ ಮೇಲೆ ಕೂತವರು ತಿರುಗಿ ನೋಡಿದರು. ಮೂರನೆಯ ದಿನಕ್ಕೆ ಇಪ್ಪತ್ತರ ಮಗ್ಗಿಯೂ ಮುಗಿದು ಸರಕು ಖಾಲಿಯಾಯಿತು.

ನಾಲ್ಕನೆಯ ದಿನ ಬೇರೆ ದಾರಿಯಿಲ್ಲದೆ ಮಾಸ್ತರು ಬಾಯಿಬಿಟ್ಟರು. “ನಿಮ್ಮ ಎಡಗಾಲು ಹೊರಗಡೆಗೆ ತಿರುಗುತ್ತೆ ರೀ. ಒಂಬತ್ತು ವರ್ಷದಿಂದ ನೋಡ್ತಿದೀನಿ, ನೋಡೋಕಾಗ್ತಿಲ್ಲ.”

ಅಲ್ಲಿಂದ ಕಟ್ಟೆ ಒಡೆಯಿತು. ಎಡಗಾಲು ಆಯಿತು, ಗೂನುಬೆನ್ನು ಆಯಿತು, ಚಪ್ಪಲಿಯ ಸವೆದ ಹಿಮ್ಮಡಿ ಆಯಿತು. ಬೈಗುಳ ಮುಗಿದ ಮೇಲೆ ಸೋಫಾದೊಳಗೆ ಸ್ಪ್ರಿಂಗ್ ಹೇಗೆ ಕಟ್ಟುತ್ತಾರೆ ಎಂಬ ಪ್ರಶ್ನೆ ಬಂತು. ಆಮೇಲೆ ಮಗಳ ಬಾಲ್ಯ. ಓಟದ ಪಂದ್ಯದಲ್ಲಿ ಬಿದ್ದ ಹುಡುಗಿಯನ್ನು ಎಬ್ಬಿಸಲು ನಿಂತು ಅವಳು ಕೊನೆಯವಳಾಗಿ ಬಂದದ್ದು, ಇವರು ಎಲ್ಲರೆದುರು ಅವಳನ್ನು ಗದರಿಸಿದ್ದು. “ಈಗ ನೆನೆಸಿಕೊಂಡ್ರೆ ನನ್ನ ಕಪಾಳಕ್ಕೆ ನಾನೇ ಹೊಡ್ಕೋಬೇಕು ಅನ್ಸುತ್ತೆ” ಎಂದರು ಮಾಸ್ತರು. ಅಳಿಯ ಈಗ ಅಂಗಡಿ ತೆರೆಯುವುದು ಅರ್ಧ ಗಂಟೆ ತಡವಾಗುತ್ತಿತ್ತು. ಗಿರಾಕಿಗಳು ಗೊಣಗಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟು ಖುಷಿ ಅವನಿಗೆ.

ಹೀಗೆ ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಮಾಸ್ತರ ನಡಿಗೆ ಎಂದಿಗಿಂತ ಚುರುಕಾಗಿತ್ತು, ಮುಖ ಕೆಂಪಗಿತ್ತು. ಮಣಿಕಟ್ಟು ಹಿಡಿದು ಗಡಿಯಾರ ನೋಡಿ ಮಗುವಿನಂತೆ ನಕ್ಕರು.

“ನೂರ ಇಪ್ಪತ್ತು! ನೋಡು.”

“ಅದು ಹೇಗೆ ಮಾವ? ಬರಲ್ಲ ಅಂದಿದ್ರಲ್ಲ ಡಾಕ್ಟ್ರು?”

ಮಾಸ್ತರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಎರಡು ದಿನದಿಂದ ಮಾತ್ರೆ ನುಂಗ್ತಿಲ್ಲ ಕಣಪ್ಪಾ. ದವಡೇಲಿ ಇಟ್ಕೊಂಡಿದ್ದು, ಮಗಳು ಗೇಟು ದಾಟಿದ ಮೇಲೆ ಉಗೀತೀನಿ. ಇದು ನಮ್ಮಿಬ್ಬರಲ್ಲೇ ಇರಲಿ. ನಿನ್ನನ್ನ ನಂಬಿ ಹೇಳ್ತಿದೀನಿ.” ಹೇಳಿ ಅಳಿಯನ ಹೆಗಲ ಮೇಲೆ ಕೈಯಿಟ್ಟರು.

ನೋಡಿ, ಹಣೆಬರಹ ಎಂದರೆ ಇದು. ಒಂಬತ್ತು ವರ್ಷ ಕಾದದ್ದು ಕೊನೆಗೂ ಬಂದು ಹೆಗಲ ಮೇಲೆ ಕೂತಿತ್ತು, ಅದರ ಜೊತೆಗೇ ಈ ವಿಷವೂ ಬಂದಿತ್ತು. ಮನೆಗೆ ಬಂದ ಅಳಿಯ ಅಂಗಡಿಯಲ್ಲಿ ಕೂತು ಮೊಳೆ ಬಾಯಿಗೆ ಹಾಕಿಕೊಂಡ, ಮತ್ತೆ ತೆಗೆದಿಟ್ಟ. ಸುತ್ತಿಗೆಯಿಂದ ತನ್ನ ಹೆಬ್ಬೆರಳನ್ನೇ ಕುಟ್ಟಿಕೊಂಡ. ಹೇಳಿದರೆ ಮಾವ ಮತ್ತೆ ಮುಖ ಎತ್ತಿ ನೋಡುವುದಿಲ್ಲ. ಹೇಳದಿದ್ದರೆ? ಮಾವ ಬಿದ್ದ ಸುದ್ದಿ ಕೇಳಿ ಹೆಂಡತಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬೀದಿಯಲ್ಲಿ ಓಡಿದ್ದು ಕಣ್ಣ ಮುಂದೆ ಬಂತು. ಮಾವನಿಲ್ಲದ ಪಾರ್ಕಿನ ದಾರಿಯನ್ನೂ ಒಮ್ಮೆ ಊಹಿಸಿಕೊಳ್ಳಲು ನೋಡಿದ. ಅದು ಅವನಿಂದ ಆಗಲಿಲ್ಲ. ಎದ್ದು ಒಳಗೆ ಹೋದ.

“ಮಾವ, ಅವಳು ಊಟಕ್ಕೆ ಬಂದ ಕೂಡ್ಲೆ ಹೇಳ್ಬಿಡ್ತೀನಿ. ನಿಮ್ಮ ಬೆನ್ನ ಹಿಂದೆ ಹೇಳಬಾರದು ಅಂತ ಮೊದಲು ನಿಮಗೇ ಹೇಳ್ತಿದೀನಿ.”

ಮಾಸ್ತರು ಓದುತ್ತಿದ್ದ ಪೇಪರು ಕೆಳಗಿಟ್ಟರು. “ನಿನ್ನನ್ನ ನಂಬಿದ್ದೆ.”

“ಗೊತ್ತು ಮಾವ. ನಂಬಿಕೆ ಹೋದ್ರೆ ಹೋಗ್ಲಿ. ನೀವು ಇರಬೇಕು.” ಅವನು ಕಣ್ಣು ತಪ್ಪಿಸಲಿಲ್ಲ.

ಮಗಳು ಬೈಯಲಿಲ್ಲ. ಬಿಪಿ ನೋಡುವ ಯಂತ್ರ ತಂದು ಅಪ್ಪನ ತೋಳಿಗೆ ಪಟ್ಟಿ ಸುತ್ತಿದಳು. ನೂರ ಎಂಬತ್ತು ತೋರಿಸಿತು. ಪಟ್ಟಿ ಬಿಚ್ಚಿ, ಮತ್ತೆ ಸುತ್ತಿ ಇನ್ನೊಮ್ಮೆ ನೋಡಿದಳು, ಅದೇ ಅಂಕಿ. ಕೂಡಲೇ ಡಾಕ್ಟರಮ್ಮನಲ್ಲಿಗೆ ಹೋದದ್ದಾಯಿತು, ಬೈಸಿಕೊಂಡದ್ದಾಯಿತು. ಮತ್ತೆ ಅದೇ ಮಾತ್ರೆ, ಒಂದು ವಾರ ವಿಶ್ರಾಂತಿ.

ಒಂದು ವಾರ ಮನೆಯಲ್ಲಿ ಮತ್ತೆ ಹಳೆಯ ರಾಗ. “ನಾನೊಬ್ಬನೇ ವಾಕಿಂಗ್ ಹೋಗ್ತೀನಿ ಅಂತ ನಿನ್ನ ಯಜಮಾನರಿಗೆ ಹೇಳು.” ಮಗಳು ಮಾತ್ರೆ ಕೊಟ್ಟು, ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡಿಯೇ ಕೆಲಸಕ್ಕೆ ಹೊರಡುತ್ತಿದ್ದಳು, ಮಾಸ್ತರಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ವಾರ ಕಳೆದು ನಡಿಗೆ ಶುರುವಾದಾಗ ಮಾವ ಕರೆಯದಿದ್ದರೂ ಅಳಿಯ ಜೊತೆಗೆ ಹೊರಟ. ಮಾವ ತುಟಿ ಬಿಚ್ಚಲಿಲ್ಲ. ಇವನೇ ತನ್ನ ಪಾಡಿಗೆ ಸ್ಪ್ರಿಂಗು, ಬಟ್ಟೆ, ಗಿರಾಕಿಗಳ ಕಿರಿಕಿರಿ ಅಂತ ಒದರುತ್ತಾ ಪಕ್ಕದಲ್ಲೇ ನಡೆದ. ಮೂರು ದಿನ ಹೀಗೇ.

ನಾಲ್ಕನೆಯ ದಿನ ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸಿ ಇಬ್ಬರೂ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮಾಸ್ತರ ಬೆರಳು ಮಣಿಕಟ್ಟಿಗೆ ಹೋಯಿತು.

“ಎಣಿಸಬೇಡಿ ಮಾವ.”

“ಐವತ್ತೆಂಟು” ಎಂದರು ಮಾಸ್ತರು. ಆಮೇಲೆ ಎದುರಿನ ಹುಲ್ಲು ನೋಡುತ್ತಾ ಹೇಳಿದರು: “ನಿಮ್ಮತ್ತೆ ಕೈ ಹಿಡ್ಕೊಂಡು ಆಸ್ಪತ್ರೇಲಿ ಕೂತಿದ್ದೆ. ನಂಗೆ ಇನ್ನೇನು ಗೊತ್ತು, ಎಣಿಸೋದು ಬಿಟ್ಟು? ಎಪ್ಪತ್ತು ಇತ್ತು. ಆಮೇಲೆ ಅರವತ್ತು. ಐವತ್ತು. ನಲವತ್ತು ಆದಾಗ ನರ್ಸಮ್ಮನ್ನ ಕೂಗಿದೆ. ಅವರು ಬರೋ ಹೊತ್ತಿಗೆ ಎಣಿಸೋಕೆ ಏನೂ ಸಿಗಲಿಲ್ಲ.”

ಅಳಿಯ ಮಾವನ ಹತ್ತಿರಕ್ಕೆ ಸರಿದು ಕೂತ.

“ಅವತ್ತಿಂದ ನಿಧಾನ ಆಯ್ತು ಅಂದ್ರೆ ಮುಗೀತು ಅಂತಲೇ ನಂಗೆ. ಈ ಮಾತ್ರೆ ನುಂಗಿದಾಗೆಲ್ಲ ಭಯ ಆಗುತ್ತಪ್ಪಾ. ಮಗಳ ಹತ್ರ ಹೇಗೆ ಹೇಳಲಿ ಇದನ್ನ?”

ಅಳಿಯ ಮಾವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಆ ಮಣಿಕಟ್ಟನ್ನು ತನ್ನ ಒರಟು ಅಂಗೈಯಲ್ಲಿ ಹಿಡಿದುಕೊಂಡ. “ನಾನು ಎಣಿಸಲ್ಲ ಮಾವ. ಬಡ್ಕೋತಾ ಇದೆಯಾ ಅಂತ ಅಷ್ಟೇ ನೋಡ್ತೀನಿ.”

“ಇದೆಯಾ?”

“ಇದೆ. ನಿಧಾನಕ್ಕೆ ಬಡ್ಕೊಂಡ್ರೂ ಗಟ್ಟಿಯಾಗಿದೆ.”

ಬಿಸಿಲು ಬೆಂಚಿಗೆ ಬರುವ ತನಕ ಇಬ್ಬರೂ ಹಾಗೇ ಕೂತಿದ್ದರು.

ಮರುದಿನ ಬೆಳಗ್ಗೆ ಮಗಳು ಎಂದಿನಂತೆ ಮಾತ್ರೆಯನ್ನು ಅಪ್ಪನ ಬಲ ಅಂಗೈಯಲ್ಲಿಟ್ಟು ನೀರಿನ ಲೋಟ ಹಿಡಿದು ನಿಂತಳು. ಮಾಸ್ತರು ಬಾಯಿಗೆ ಹಾಕಿಕೊಳ್ಳಲಿಲ್ಲ. ಅಂಗಡಿಯ ಬಾಗಿಲ ಕಡೆ ತಿರುಗಿ, “ಅಲ್ಲೇನ್ಮಾಡ್ತಿದೀಯಪ್ಪಾ? ಬಾ ಇಲ್ಲಿ” ಎಂದು ಕೂಗಿದರು. ಬಾಕಿ ಬಿದ್ದ ಕೆಲಸ ಮುಗಿಸಲು ಅಂದು ಬೇಗನೇ ಎದ್ದು ಕೂತಿದ್ದ ಅಳಿಯ ಬಾಯಿಯ ಮೊಳೆಗಳನ್ನು ಕೈಗೆ ಉಗುಳಿಕೊಂಡು ಓಡಿಬಂದ. ಮಾಸ್ತರು ಎಡಗೈ ಚಾಚಿದರು.

“ಹಿಡ್ಕೋ” ಎಂದರು.

ಅವನು ಹಿಡಿದುಕೊಂಡ ಮೇಲೆ ಮಾಸ್ತರು ಕಣ್ಣು ಮುಚ್ಚಿ ಮಾತ್ರೆ ನುಂಗಿದರು.