ನಡುಹೊಳೆಯ ಅಳತೆ

ಮಾವ ಬೈಯುವುದನ್ನು ನಿಲ್ಲಿಸಿದ ಮೇಲೆ ಸೊಸೆಗೆ ಅನುಮಾನ ಶುರುವಾಯಿತು.

ಬೇರೆ ಮನೆಗಳಲ್ಲಾದರೆ ಇದು ಸಂಭ್ರಮದ ಸಂಗತಿ. ಆದರೆ ಈಕೆಯ ಕೆಲಸವೇ ಅಂಥದ್ದು. ದಿನಾ ಸಂಜೆ ರೇಡಿಯೋದಲ್ಲಿ ಬೆಟ್ಟದ ಮತ್ತು ಹೊಳೆಯ ಹವಾಮಾನ ಹೇಳುವವಳು ಅವಳು. ಚಳಿಗಾಲ ಬಂತೆಂದರೆ ಬೆಟ್ಟದಲ್ಲಿ ಸ್ಕೀ ಕಟ್ಟಿಕೊಂಡು ಜಾರುವವರು, ಹೆಪ್ಪುಗಟ್ಟಿದ ಹೊಳೆಯ ಮೇಲೆ ಸ್ಕೇಟ್ಸ್ ಹಾಕಿ ಓಡುವವರು, ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಕಾಯುವವರು, ಎಲ್ಲರೂ ಬೂಟಿನ ಲಾಡಿ ಬಿಗಿಯುವ ಮೊದಲು ಅವಳ ಮಾತಿಗೆ ಕಿವಿಗೊಡುತ್ತಿದ್ದರು. ಅವಳಿಗೆ ‘ಮೋಡದಕ್ಕ’ ಎಂದು ಹೆಸರಿಟ್ಟವರೂ ಅವರೇ.

ಬೆಟ್ಟದ ಸುದ್ದಿ ಕೊಡಲು ಶಿಖರದಲ್ಲಿ ಯಂತ್ರಗಳಿದ್ದವು. ಗಾಳಿ ಎಷ್ಟು, ಹಿಮ ಎಷ್ಟು, ಇಳಿಜಾರಿನಲ್ಲಿ ಹಿಮ ಜಾರುವ ಅಪಾಯ ಉಂಟೋ ಇಲ್ಲವೋ, ಎಲ್ಲವನ್ನೂ ಕೂತಲ್ಲಿಗೇ ಕಳಿಸುತ್ತಿದ್ದವು. ಹೊಳೆಗೆ ಆ ಭಾಗ್ಯವಿರಲಿಲ್ಲ. ಮಂಜುಗಡ್ಡೆಯ ದಪ್ಪ ತಿಳಿಯಬೇಕಾದರೆ ಯಾರಾದರೂ ನಡುಹೊಳೆಯವರೆಗೆ ನಡೆದುಹೋಗಿ ಬೈರಿಗೆಯಲ್ಲಿ ಕೊರೆದೇ ನೋಡಬೇಕು. ಆ ಯಾರಾದರೂ ಎಂದರೆ ಮಾವ. ದೋಣಿ ರಿಪೇರಿಯಲ್ಲೇ ಕೂದಲು ಹಣ್ಣಾದವರು, ಹೊಳೆಯ ನಾಡಿ ಬಲ್ಲವರು. ಬೆಳಿಗ್ಗೆ ಹೊಳೆಯಿಂದಲೇ ಅವಳ ಆಫೀಸಿಗೆ ಫೋನು ಮಾಡುತ್ತಿದ್ದರು. ಆ ಫೋನು ಕೇಳುವುದೇ ಒಂದು ಮಜಾ.

“ಒಂದು ಗೇಣು! ಕೇಳಿಸ್ತಾ? ಒಂದು ಗೇಣು! ಇದು ಗಾಳಿಯಲ್ಲಮ್ಮ, ದೆವ್ವದ ಮುತ್ತಾತ! ನನ್ನ ಮೂಗು ಮುಖದ ಮೇಲೆ ಇದೆಯೋ ಉದುರಿ ಹೋಯ್ತೋ ಗೊತ್ತಾಗ್ತಿಲ್ಲ. ಯಾವ ಪಾಪಕ್ಕೆ ನಿನ್ನನ್ನ ಸೊಸೆಯಾಗಿ ತಂದುಕೊಂಡೆನೋ! ಫೋನ್ ಇಡು, ಕೈ ಸತ್ತೋಯ್ತು!”

ಅಳತೆ ಒಂದು ಪಾಲು, ಬೈಗುಳ ಮೂರು ಪಾಲು. ಈ ಚಳಿಗಾಲದಲ್ಲಿ ಏನಾಯಿತೋ, ಮೂರೂ ಪಾಲು ಮಾಯ.

“ಒಂದೂವರೆ ಗೇಣು ಕಣಮ್ಮ. ತಿಂಡಿ ಆಯ್ತಾ? ಗಂಟಲು ಜೋಪಾನ.”

ಏದುಸಿರಿಲ್ಲ, ಗಾಳಿಯ ಸದ್ದಿಲ್ಲ. ಮಾವನ ಬಾಯಲ್ಲಿ ಜೇನು ಸುರಿದರೆ ಎಲ್ಲೋ ಏನೋ ಕೊಳೆಯುತ್ತಿದೆ ಎಂದು ಅವಳ ಒಳಮನಸ್ಸು ಹೇಳಿತು. ಮೊದಮೊದಲು ಅದನ್ನು ಗದರಿಸಿ ಕೂರಿಸಿದಳು. ಆದರೆ ಬೆಟ್ಟ ಸುಮ್ಮನಿರಬೇಕಲ್ಲ? ಆ ವಾರ ಶಿಖರದ ಮೇಲೆ ಬೆಚ್ಚನೆಯ ಗಾಳಿ ಬೀಸಿತು. ಹಿಮ ನೀರು ಕುಡಿದು ಭಾರವಾಯಿತು. ಬೆಟ್ಟ ಬೆವರಿದರೆ ಆ ಬೆವರು ಹೊಳೆಗೇ ತಾನೇ ಇಳಿಯುವುದು? ಗಡ್ಡೆಯ ಕೆಳಗೆ ನುಗ್ಗಿ, ಮೇಲಿನವರಿಗೆ ಗುಟ್ಟು ಬಿಡದೆ, ಅಡಿಯಿಂದ ತಿನ್ನುತ್ತಾ ಹೋಗುತ್ತದೆ. ಹಾಗಿದ್ದರೂ ಮಾವನ ಅಳತೆ ಮಾತ್ರ ಅಲ್ಲಾಡಲಿಲ್ಲ. ಒಂದೂವರೆ ಗೇಣು ಕಣಮ್ಮ.

ಭಾನುವಾರ ಹೊಳೆಯ ಮೇಲೆ ದೊಡ್ಡ ಸ್ಕೇಟಿಂಗ್ ರೇಸು. ನೂರಾರು ಜನ ನಡುಹೊಳೆಯಲ್ಲೇ ಓಡುವವರು. ಎಲ್ಲರಿಗಿಂತ ಮುಂದೆ ದಾರಿ ತೋರಿಸುತ್ತಾ ಓಡುವವನು ಅವಳ ಗಂಡ. ಮನೆಯ ಕೆಳಗೇ ಸ್ಕೇಟ್ಸ್ ಬಾಡಿಗೆ ಕೊಡುವ ಅವನ ಅಂಗಡಿ. ಹೊಳೆ ಗಟ್ಟಿಯಿದ್ದರೆ ಅಂಗಡಿ, ಇಲ್ಲದಿದ್ದರೆ ಬರೀ ಕಬ್ಬಿಣದ ರಾಶಿ.

ಗುರುವಾರ ಸಂಜೆ ಅವಳು ಮನೆಗೆ ಬಂದಾಗ ಅಂಗಡಿಯ ಹಿಂಬದಿಯಲ್ಲಿ ಅಪ್ಪ ಮಗ ತಲೆಗೆ ತಲೆ ಕೊಟ್ಟು ಪಿಸುಗುಡುತ್ತಿದ್ದರು. ಅವಳನ್ನು ಕಂಡದ್ದೇ ಮಾವ ಕೆಮ್ಮಿದರು, ಗಂಡ ಆಗಲೇ ಹರಿತವಾಗಿದ್ದ ಸ್ಕೇಟನ್ನು ಮತ್ತೆ ಉಜ್ಜತೊಡಗಿದ.

“ಏನು ಗುಟ್ಟು?”

“ಗುಟ್ಟೇನು ಬಂತು? ಗಂಡಸರ ಮಾತು,” ಎಂದ ಗಂಡ.

“ಗಂಡಸರ ಮಾತು ಅಂದ್ರೆ ಹೊಳೆ ಮಾತೋ, ಅಂಗಡಿ ಮಾತೋ?”

“ನಾನೆಲ್ಲಿ ಹೊಳೆ ಅಂದೆ?” ಗಂಡ ಸಿಡುಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಮಾತು ಇಂಥವನನ್ನು ಕಂಡೇ ಹುಟ್ಟಿರಬೇಕು.

ಅಡುಗೆಮನೆಯಲ್ಲಿ ಅತ್ತೆಯನ್ನು ಹಿಡಿದಳು. “ಅತ್ತೆ, ಮಾವ ನಿಜವಾಗ್ಲೂ ಹೊಳೆಗೆ ಹೋಗ್ತಾರಾ?”

“ಹೋಗದೆ? ದಿನಾ ಬಂದು ಬೈರಿಗೇನ ಬಾಗಿಲ ಹತ್ರ ಒರಗಿಸ್ತಾರೆ. ಅದರ ಸುರುಳಿಯೊಳಗಿನ ಗಡ್ಡೆ ಪುಡಿ ಕರಗಿ ನೆಲ ಎಲ್ಲಾ ಕೆರೆ. ಒರೆಸೋಳು ನಾನು. ಬೇಕಾದ್ರೆ ನನ್ನ ಸೊಂಟ ಕೇಳು, ಅದು ಸಾಕ್ಷಿ ಹೇಳುತ್ತೆ.”

ಅಂದರೆ ಮಾವ ಹೋಗುವುದೂ ನಿಜ, ಕೊರೆಯುವುದೂ ನಿಜ. ಅನುಮಾನ ಇಲ್ಲಿಗೆ ಸಾಯಬೇಕಿತ್ತು. ಸಾಯುವ ಬದಲು ಮಗ್ಗುಲು ಬದಲಿಸಿ ಗಂಡನ ಕಡೆ ತಿರುಗಿತು. ರೇಸಿನ ಆಸೆಗೆ ಇವನೇ ಅಪ್ಪನ ಬಾಯಲ್ಲಿ ಸುಳ್ಳು ಅಳತೆ ಹೇಳಿಸುತ್ತಿದ್ದಾನೋ? ಊಟಕ್ಕೆ ಕೂತಾಗ ಅವನು ಅಪ್ಪನ ತಟ್ಟೆಗೆ ತಾನೇ ಬಡಿಸಿದ. ಎಂದೂ ಬಡಿಸಿದವನಲ್ಲ. ಅವಳು ಅದನ್ನೂ ಲೆಕ್ಕಕ್ಕೆ ಹಿಡಿದಳು.

ಶುಕ್ರವಾರ ಬೆಳಿಗ್ಗೆ ಆಫೀಸಿಗೆಂದು ಹೊರಟವಳು ಬೇಕರಿಯ ಮೂಲೆಯಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಮಾವ ಹೊರಬಂದರು, ಹೆಗಲ ಮೇಲೆ ಬೈರಿಗೆ. ಹಿಂದೆಯೇ ಗಂಡ. ಅವನು ಮಾತ್ರ ಕಳ್ಳಬೆಕ್ಕಿನ ಹಾಗೆ ಆಚೆ ಈಚೆ ನೋಡಿ ಅಂಗಡಿಯ ಶಟರು ಅರ್ಧ ಎಳೆದು ಹೋದ. ಅವಳು ಗೋಡೆ ಹಿಡಿದು ಹಿಂಬಾಲಿಸಿದಳು.

ದೋಣಿಮನೆಯ ಮೆಟ್ಟಿಲು ಇಳಿದರೆ ಹೊಳೆ. ಅಲ್ಲಿ ಕಂಡದ್ದನ್ನು ಅವಳು ಊಹಿಸಿಯೇ ಇರಲಿಲ್ಲ. ಮಾವನ ಸೊಂಟಕ್ಕೆ ಒಂದು ಹಗ್ಗ. ಅದರ ಇನ್ನೊಂದು ತುದಿ ದಡದ ಕಲ್ಲುಗೋಡೆಯಲ್ಲಿ, ದೋಣಿ ಕಟ್ಟುವ ಕಬ್ಬಿಣದ ಬಳೆಗೆ. ನಡುವೆ ಗಂಡ ಹಗ್ಗ ಹಿಡಿದು ನಿಂತಿದ್ದ. ಗೂಟಕ್ಕೆ ಕಟ್ಟಿದ ಕರುವಿನಂತೆ ಮುದುಕ ನಾಲ್ಕು ಹೆಜ್ಜೆ ನಡೆದರು, ಹಗ್ಗ ಬಿಗಿಯಾಯಿತು, ನಿಂತರು. ಬಿಸಿಲೇ ಕಾಣದ ಗೋಡೆಯ ನೆರಳಿನಲ್ಲಿ, ಗಾಳಿಯೂ ಬಾರದ ಮೂಲೆಯಲ್ಲಿ ಕೊರೆಯತೊಡಗಿದರು. ನಡುಹೊಳೆ ದೂರದಲ್ಲಿ ತನ್ನ ಪಾಡಿಗೆ ಹೊಳೆಯುತ್ತಿತ್ತು.

“ಎಷ್ಟು ಗೇಣು ಮಾವ?” ಎಂದಳು ಮೆಟ್ಟಿಲ ಮೇಲಿಂದ.

ಮಾವನ ಕೈ ಬೈರಿಗೆಯ ಮೇಲೆಯೇ ನಿಂತಿತು. ಗಂಡ “ಅಯ್ಯೋ” ಎಂದ.

“ಇದೇನಾ ನಡುಹೊಳೆ? ನಾನು ದಿನಾ ಊರಿಗೆಲ್ಲ ಸಾರ್ತಿರೋ ನಡುಹೊಳೆ ಇದೇನಾ?”

“ನಾನು ಯಾವತ್ತು ನಡುಹೊಳೆ ಅಂದೆ?” ಮುದುಕರ ದನಿ ಸಣ್ಣದಾಗಿತ್ತು. “ಒಂದೂವರೆ ಗೇಣು ಅಂದೆ. ಇಲ್ಲಿ ಒಂದೂವರೆ ಗೇಣೇ ಇದೆ, ಬಂದು ನೋಡು. ಎಲ್ಲಿ ಅಂತ ನೀನು ಒಂದು ದಿನ ಆದ್ರೂ ಕೇಳಿದ್ಯಾ?”

ಅವಳು ಕೇಳಿರಲಿಲ್ಲ. ಮೂಗಿನ ಸುದ್ದಿ ಬರಲಿಲ್ಲವೆಂದು ಅನುಮಾನಪಟ್ಟವಳು, ಮಾವನನ್ನು, ಗಂಡನನ್ನು, ಅನ್ನ ಬಡಿಸುವ ಸೌಟನ್ನೂ ಅನುಮಾನಿಸಿದವಳು, ತನ್ನ ಬಾಯಿಂದ ರೂಢಿಯ ಮೇಲೆ ಹೊರಬೀಳುತ್ತಿದ್ದ ‘ನಡುಹೊಳೆಯಲ್ಲಿ’ ಎಂಬ ಮಾತನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ.

“ಈ ಸಲ ಮೊದಲನೇ ದಿನ ಹೋಗಿದ್ದೆ,” ಎಂದರು ಮಾವ. “ನಡುವಿಗೆ ಹೋದಾಗ ಕಾಲ ಕೆಳಗೆ ಒಂದು ಸದ್ದು ಬಂತು. ಗಡ್ಡೆ ಅಂದ್ಮೇಲೆ ಸದ್ದು ಮಾಡುತ್ತೆ, ನನಗೆ ಗೊತ್ತಿಲ್ವಾ? ಆದ್ರೆ ಅವತ್ತಿಂದ ಈ ಕಾಲು ನನ್ನ ಮಾತು ಕೇಳ್ತಿಲ್ಲ. ಹೊಳೆಗೆ ಹೆದರಿಕೊಂಡೆ ಅಂತ ಯಾರ ಹತ್ರ ಹೇಳ್ಕೊಳ್ಳಲಿ?”

ಅವಳು ಗಂಡನ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತು. ಬಾಯಿ ಮುಚ್ಕೊಂಡಿದ್ದು ಅಪ್ಪನಿಗೋಸ್ಕರನಾ, ರೇಸಿಗೋಸ್ಕರನಾ?”

“ಅಪ್ಪನಿಗೋಸ್ಕರ ಕಣೇ.”

ಅವಳು ಮೆಟ್ಟಿಲಿಳಿದು ಅವನೆದುರಿಗೇ ಬಂದಳು.

“ಸರಿ, ಎರಡಕ್ಕೂ.” ಅವನು ತಲೆ ತಗ್ಗಿಸಿದ. “ಕೊಡಿಲ್ಲಿ ಬೈರಿಗೆ. ನಾನೇ ನಡುವಿಗೆ ಹೋಗಿ ಅಳೀತೀನಿ.”

“ಬೇಡ. ನಿಮ್ಮ ಅಳತೇನ ಅಳೆಯೋಕೆ ಮತ್ತೊಬ್ಬರು ಬೇಕಾಗುತ್ತೆ. ಮೂವರಲ್ಲಿ ಹಗುರ ಇರೋಳು ನಾನು. ಹೋಗಿ ಉದ್ದದ ಹಗ್ಗ ತನ್ನಿ.”

ಅವನು ಅಂಗಡಿಗೆ ಓಡಿಹೋಗಿ ತಂದ. ಮಾವನೇ ಗಂಟು ಹಾಕಿದರು. ದೋಣಿಯವರ ಗಂಟು, ಎಳೆದಷ್ಟೂ ಬಿಗಿ. ಅವಳು ಭಾರ ಒಂದೇ ಕಡೆ ಬೀಳದಂತೆ ಹೊಟ್ಟೆಯ ಮೇಲೆ ಮಲಗಿ, ಬೈರಿಗೆಯನ್ನು ಮುಂದಕ್ಕೆ ತಳ್ಳುತ್ತಾ ತೆವಳಿದಳು. ನೆರಳು ಮುಗಿದು ಬಿಸಿಲು ಬಂತು. ಗಡ್ಡೆಯ ಬಣ್ಣ ಬಿಳಿಯಿಂದ ಬೂದಿಗೆ ತಿರುಗಿತು. ಹಿಂದಿನಿಂದ ಮಾವ ಕೂಗುತ್ತಲೇ ಇದ್ದರು. “ತಲೆ ಎತ್ತಬೇಡ! ಎಡಕ್ಕೆ ಹೋಗಬೇಡ! ನಿಧಾನ ತಾಯಿ, ನಿಧಾನ!”

ನಡುಹೊಳೆಯಲ್ಲಿ ಬೈರಿಗೆ ಊರಿ ತಿರುವಿದಳು. ಒಂದು ಸುತ್ತು, ಎರಡು ಸುತ್ತು. ಗಡ್ಡೆ ಬೆಣ್ಣೆಯಂತೆ ದಾರಿ ಬಿಟ್ಟಿತು. ಕಪ್ಪು ನೀರು ಬುಗ್ಗೆಯಾಗಿ ಉಕ್ಕಿ ಅವಳ ತೋಳು ನೆನೆಸಿತು. ಕೈಬೆರಳು ಇಳಿಸಿ ನೋಡಿದಳು. ಗಡ್ಡೆಯ ದಪ್ಪ ನಾಲ್ಕು ಬೆರಳು ಕೂಡ ಇರಲಿಲ್ಲ.

“ಎಳೀರಿ!” ಎಂದಳು.

ದಡಕ್ಕೆ ಬಂದಾಗ ಮಾವ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಉಜ್ಜತೊಡಗಿದರು. “ರೇಡಿಯೋದಲ್ಲಿ ನನ್ನ ಹೆಸರೆತ್ತಬೇಡಮ್ಮ,” ಎಂದರು. “ಮಷೀನು ಕೆಟ್ಟಿತ್ತು ಅಂದ್ಬಿಡು.”

“ಹೊಳೆಗೆ ಮಷೀನೇ ಇಲ್ಲ ಮಾವ. ಅದು ಊರಿಗೆಲ್ಲ ಗೊತ್ತು.”

ಸಂಜೆ ಮೈಕಿನ ಮುಂದೆ ಕೂತು ಬೆಟ್ಟದ ಸುದ್ದಿ ಮೊದಲು ಹೇಳಿದಳು: ಮೇಲೆ ಬೆಚ್ಚನೆಯ ಗಾಳಿ, ಹಿಮ ಭಾರವಾಗಿದೆ, ಕಡಿದಾದ ಇಳಿಜಾರಿನ ಕಡೆ ಸ್ಕೀ ಹಿಡಿದು ಯಾರೂ ಹೋಗಬೇಡಿ. ಆಮೇಲೆ ಒಂದು ಉಸಿರು ತೆಗೆದುಕೊಂಡು ಹೇಳಿದಳು.

“ಈಗ ಹೊಳೆ. ಇಷ್ಟು ದಿನ ನಾನು ನಡುಹೊಳೆಯದು ಅಂತ ಹೇಳಿದ ಅಳತೆ ನಡುಹೊಳೆಯದಲ್ಲ, ದಡದ್ದು. ಎಲ್ಲಿಯ ಅಳತೆ ಅಂತ ನಾನು ಕೇಳಲಿಲ್ಲ, ತಪ್ಪು ನನ್ನದು. ಇವತ್ತು ನಾನೇ ಹೋಗಿ ಕೊರೆದು ನೋಡಿದೆ. ನಡುವೆ ನಾಲ್ಕು ಬೆರಳೂ ಇಲ್ಲ. ದಡ ಬಿಟ್ಟು ಇಳಿಯಬೇಡಿ. ಭಾನುವಾರ ರೇಸು ಬೇಡ.”

ಹೊರಗಿನ ಕೋಣೆಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅವಳ ಜೊತೆಗೇ ರೇಡಿಯೋ ಆಫೀಸಿಗೆ ಬಂದಿದ್ದ ಗಂಡ ಗೋಡೆಗೊರಗಿ ನಿಂತಿದ್ದ. ಪಕ್ಕದ ಬೆಂಚಿನಲ್ಲಿ ಮಾವ, ಟೋಪಿ ತೊಡೆಯ ಮೇಲೆ. ಅವಳು ಫೋನೆತ್ತಿದಳು. ಆ ಕಡೆಯವನು ಕಿರುಚುತ್ತಿದ್ದದ್ದು ಕೋಣೆಗೆಲ್ಲ ಕೇಳಿಸುತ್ತಿತ್ತು.

“ಏನ್ ಮೋಡದಕ್ಕ, ಇಷ್ಟು ದಿನ ಹೇಳಿದ್ದು ಸುಳ್ಳು, ಇವತ್ತು ಹೇಳಿದ್ದು ನಿಜ ಅಂತ ಹೇಗ್ರೀ ನಂಬೋದು? ಬೇರೆ ಯಾರೋ ರೇಸು ನಿಲ್ಲಿಸೋಕೆ ಹೇಳಿಸಿರಬಹುದಲ್ಲ?”

ತಾನೇ ಆ ಕಡೆ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದಳು.

ಮಾವ ಎದ್ದು ಬಂದು ಅವಳ ಕೈಯಿಂದ ರಿಸೀವರ್ ತೆಗೆದುಕೊಂಡರು.

“ಹಲೋ. ಅವಳನ್ನ ಬಿಡಪ್ಪ, ನನ್ನ ಕೇಳು. ಅಳೀತಿದ್ದೋನು ನಾನು. ಹೂಂ, ದೋಣಿ ಮೇಸ್ತ್ರಿನೇ. ನಡುವಿಗೆ ಹೋಗೋಕೆ ಹೆದರಿಕೆ ಆಯ್ತು, ಗೋಡೆ ಪಕ್ಕ ಅಳೆದೆ. ಹೌದು, ಹೆದರಿಕೆ. ಇನ್ನೊಂದ್ಸಲ ಹೇಳಬೇಕಾ? ಹೆ-ದ-ರಿ-ಕೆ.”

ಆ ಕಡೆ ಕಿರುಚಾಟ ನಿಂತಿತು. ಸಣ್ಣದಾಗಿ ಏನೋ ಕೇಳಿದ ಹಾಗಾಯಿತು.

“ಭಾನುವಾರ ಏನು ಮಾಡೋದಾ? ಮನೇಲಿ ಕವುಚಿಕೊಂಡು ಮಲಗು,” ಎಂದು ಮಾವ ಫೋನಿಟ್ಟರು.

ಅದು ಮತ್ತೆ ಬಡಿದುಕೊಂಡಿತು. ಅವಳು ಕೈ ಚಾಚಿದಳು. ಮಾವ ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡು ಕೂತರು.

“ನೀನು ಮನೆಗೆ ಹೋಗಮ್ಮ,” ಎಂದರು. “ಇವು ನನಗೆ ಬಂದಿರೋವು.”