ಎರಡನೇ ಗೇರಿನ ಸದ್ದು

ದಿಬ್ಬದ ಬುಡದಲ್ಲಿ ಮೈದುನ ವ್ಯಾನನ್ನು ಎರಡನೇ ಗೇರಿಗೆ ಇಳಿಸಿದ. ಪಕ್ಕದ ಸೀಟಿನಲ್ಲಿದ್ದ ಅವಳು ಅಳು ನಿಲ್ಲಿಸಿ ಕಿವಿಗೊಟ್ಟಳು. ಸದ್ದೇ ಬರಲಿಲ್ಲ.

ಹಿಂದೆ, ಸಾಮಾನು ಹೇರುವ ಜಾಗದಲ್ಲಿ, ಈ ಗಾಡಿಯನ್ನು ಇಷ್ಟು ವರ್ಷ ಓಡಿಸಿದ ಅವಳ ಗಂಡ ಮಲಗಿದ್ದ. ಮನೆ ಬದಲಾಯಿಸುವವರ ಮಂಚ, ಬೀರು, ಪಾತ್ರೆಪಗಡೆ ಎಲ್ಲ ಹೊತ್ತ ವ್ಯಾನು. ಎರಡನೇ ಗೇರಿಗೆ ಬಿತ್ತೆಂದರೆ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಊಳಿಡುತ್ತಿತ್ತು. ಅವನು ಆಸ್ಪತ್ರೆ ಸೇರಿದ ದಿನವೂ ಊಳಿಟ್ಟಿತ್ತು.

"ಗೇರ್‌ಬಾಕ್ಸಿಗೆ ಏನು ಮಾಡಿದೆ?" ಎಂದಳು.

"ಎಣ್ಣೆ ಬದಲಾಯಿಸ್ದೆ ಅತ್ತಿಗೆ."

"ಯಾವ ಎಣ್ಣೆ?"

"ದಪ್ಪದ್ದು. ಈಗ ಯಾಕೆ ಅದೆಲ್ಲ?" ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಗಂಡನ ಹೆಣ ಹಿಂದಿರುವಾಗ ಎಣ್ಣೆಯ ವಿಚಾರಣೆ ಏನು ಚೆಂದ ಎಂದು ಅವಳಿಗೂ ಅನಿಸಿತು. ಆದರೆ ಅನುಮಾನ ಹೊತ್ತುಗೊತ್ತು ಕೇಳಿಕೊಂಡು ಬರುತ್ತದೆಯೇ? ಬಂದು ಕೂತಿತ್ತು.

ಸ್ಮಶಾನದ ಗೇಟಿನಲ್ಲಿ ಹಳೇ ಗಾಡಿಗಳ ದಲ್ಲಾಳಿ ನಿಂತಿದ್ದ. ಮುಖ ಸಪ್ಪಗೆ ಮಾಡಿಕೊಂಡು ಬಂದವನು ಮೊದಲು ವ್ಯಾನಿಗೆ ಒಂದು ಸುತ್ತು ಹಾಕಿ, ಆಮೇಲೆ ಹೆಣದ ಹತ್ತಿರ ಹೋದ. ಅಲ್ಲಿಂದ ಮೈದುನನನ್ನು ಮರದ ಮರೆಗೆ ಕರೆದು ಏನೋ ಪಿಸುಗುಟ್ಟಿದ. ಮೈದುನ ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ಅವಳಿಗೆ ಅಷ್ಟು ದೂರದಿಂದ ತಿಳಿಯಲಿಲ್ಲ.

"ಅವನ್ಯಾಕೆ ಬಂದ ಇಲ್ಲಿಗೆ?" ಎಂದು ಗಂಡನ ಅಕ್ಕನನ್ನು ಕೇಳಿದಳು.

"ಇಂಥ ಹೊತ್ತಲ್ಲಿ ನಾಲ್ಕು ಜನ ಬರ್ತಾರಮ್ಮ. ಎಲ್ಲರನ್ನೂ ಯಾಕೆ ಬಂದ್ರಿ ಅಂತ ಕೇಳ್ತೀಯಾ?"

"ಇವನು ಸುಮ್ಮನೆ ಬರೋ ಪೈಕಿ ಅಲ್ಲ ಅಕ್ಕ."

ದಲ್ಲಾಳಿ ಅವಳ ಬಳಿಗೂ ಬಂದು ಕೈಮುಗಿದ. "ಬಂಗಾರದಂಥ ಮನುಷ್ಯ," ಎಂದ. ಆಮೇಲೆ ದನಿ ತಗ್ಗಿಸಿ, "ಗಾಡಿ ಸದ್ದೇ ಇಲ್ವಲ್ಲಮ್ಮ, ಯಾರು ರೆಡಿ ಮಾಡಿದ್ದು?"

*

ಹಿಂದೊಮ್ಮೆ ಗಂಡ ವ್ಯಾನು ಮಾರಲು ಹೊರಟಾಗ ಇದೇ ದಲ್ಲಾಳಿ ಮನೆಗೆ ಬಂದಿದ್ದ.

"ಈ ಕೂಗಿಗೆ ಯಾರಯ್ಯ ತಗೊಳ್ತಾರೆ? ದಪ್ಪ ಎಣ್ಣೆ ಹಾಕು, ಜೊತೆಗೊಂದು ಹಿಡಿ ಮರದ ಹೊಟ್ಟು. ಒಂದು ವಾರ ಬೆಕ್ಕಿನ ಹಾಗೆ ಓಡುತ್ತೆ."

"ಆಮೇಲೆ?"

"ಆಮೇಲೆ ಗಾಡಿ ನಿಂದಲ್ವಲ್ಲ!"

ಗಂಡ ಅವನಿಗೆ ಚಹಾ ಮುಗಿಸಲೂ ಬಿಡದೆ ಎಬ್ಬಿಸಿ ಕಳಿಸಿದ. ಮಾರುವ ಮಾತನ್ನೂ ಅಲ್ಲಿಗೇ ಬಿಟ್ಟ. ಎಣ್ಣೆಯ ವಿಷಯದಲ್ಲಿ ಅವನು ಮಹಾ ಹಟಮಾರಿ. ಅಂಗಡಿಯವನು ಕೊಟ್ಟ ಡಬ್ಬಿಯನ್ನೆಲ್ಲ ತಿರುಗಿಸಿ ಓದಿ, ಬೇರೆ ತೋರಿಸು ಎನ್ನುತ್ತಿದ್ದ. "ಹಳೇ ಗೇರ್‌ಬಾಕ್ಸು, ಒಳಗೆ ಹಿತ್ತಾಳೆ ರಿಂಗುಗಳಿವೆ. ಕೆಲವು ಎಣ್ಣೆ ಹಿತ್ತಾಳೇನೇ ತಿನ್ನುತ್ತೆ. ದಪ್ಪದ್ದು ಹಾಕಿದ್ರೆ ಸದ್ದು ನಿಲ್ಲುತ್ತೆ, ಸವೆಯೋದು ನಿಲ್ಲಲ್ಲ. ಚಳಿಗೆ ಗೇರೂ ಬೀಳಲ್ಲ. ಕೂಗಲಿ ಬಿಡು, ಎಲ್ಲಿ ನೋವು ಅಂತ ಗೊತ್ತಾಗುತ್ತೆ."

ಮಿಕ್ಕ ಯಾವುದನ್ನೂ ಅವನು ಇಷ್ಟು ನೋಡಿ ಆರಿಸಿದವನಲ್ಲ. ಹೆಂಡತಿಯನ್ನೂ ಒಂದೇ ನೋಟಕ್ಕೆ ಒಪ್ಪಿದ್ದ.

*

ಮಣ್ಣು ಮುಗಿಸಿ ಮನೆಗೆ ಬಂದರು. ನೆಂಟರು ಒಳಗೆ ಹೋಗುತ್ತಿದ್ದ ಹಾಗೆ ಅವಳು ಬಟ್ಟೆ ನೆನೆಸುವ ಟಬ್ಬನ್ನು ತಂದು ವ್ಯಾನಿನಡಿಗೆ ತಳ್ಳಿದಳು.

"ಬೋಲ್ಟು ಬಿಚ್ಚು. ಎಣ್ಣೆ ಇಳಿಸು."

"ಇವತ್ತಾ ಅತ್ತಿಗೆ?"

"ಇವತ್ತೇ. ಹೊಟ್ಟು ತುಂಬಿದೀಯೋ ಇಲ್ವೋ ನಾನು ನೋಡ್ಬೇಕು. ಅವರು ಆಸ್ಪತ್ರೇಲಿ ಮಲಗಿದ್ದಾಗಲೇ ಗಾಡಿ ವ್ಯಾಪಾರ ಕುದುರಿಸಿದ್ಯಾ?"

"ನಿನಗೇನು ತಲೆ ಕೆಟ್ಟಿದೆಯಾ?" ಬಾಗಿಲಲ್ಲಿದ್ದ ಗಂಡನ ಅಕ್ಕ ಗದರಿದಳು. "ನಿನ್ನ ಕೈಯ ಊಟ ಉಂಡು ಬೆಳೆದವನು ಅವನು."

"ಅದಕ್ಕೇ ಅಕ್ಕ ಇಷ್ಟು ಸಂಕಟ."

ಅದು ನಿಜವಾಗಿತ್ತು. ಇವನೂ ಮೋಸ ಮಾಡಿದ್ದರೆ, ನನ್ನವರು ಎನ್ನಲು ಅವಳಿಗೆ ಇನ್ನು ಯಾರೂ ಇರಲಿಲ್ಲ.

ಮೈದುನನ ಮುಖ ಕೆಂಪಾಯಿತು. ಅಂಗಿ ಬಿಚ್ಚಿಟ್ಟು, ಸ್ಪ್ಯಾನರ್ ಹಿಡಿದು ಕೆಳಗೆ ತೂರಿದ. ಎಣ್ಣೆ ಜೇನಿನ ಹಾಗೆ ನಿಧಾನಕ್ಕೆ ಇಳಿಯಿತು. ಅವಳು ಎರಡು ಬೆರಳಲ್ಲಿ ತೆಗೆದು ಉಜ್ಜಿ ನೋಡಿದಳು. ನುಣ್ಣಗಿತ್ತು. ಮೊಣಕೈವರೆಗೆ ಅದ್ದಿ ಟಬ್ಬಿನ ತಳ ತಡಕಿದಳು. ಹೊಟ್ಟಿನ ಒಂದು ಚೂರೂ ಸಿಗಲಿಲ್ಲ.

"ದಲ್ಲಾಳಿ ಕೇಳ್ದ. ಮಾರಲ್ಲ ಅಂದೆ," ವ್ಯಾನಿನಡಿಯಿಂದಲೇ ಮೈದುನ ಹೇಳಿದ.

"ಮತ್ತೆ ಈ ಎಣ್ಣೆ ಯಾಕೆ?"

"ಅಣ್ಣನೇ ಹಾಕು ಅಂದಿದ್ದು."

"ಸುಳ್ಳು. ಜೀವ ಹೋದ್ರೂ ಅವರು ದಪ್ಪದ್ದು ಹಾಕಿಸೋರಲ್ಲ."

"ನಾನೂ ಹಾಗೇ ಅಂದೆ." ಅವನು ಸ್ಪ್ಯಾನರ್ ಕೆಳಗಿಟ್ಟ. "'ಇನ್ಮೇಲೆ ಗಾಡಿ ನೀನು ಓಡಿಸ್ತೀಯ. ಈ ಸದ್ದು ಕೇಳಿದ್ರೆ ಅವಳು ಎಲ್ಲಿದ್ರೂ ಬಾಗಿಲಿಗೆ ಬರ್ತಾಳೆ. ಬಂದು ನಿನ್ನ ಮುಖ ನೋಡ್ತಾಳೆ. ಅದು ಬೇಡ ಕಣೋ' ಅಂದ."

ಅವಳು ಎಣ್ಣೆಗೈಯಲ್ಲೇ ನೆಲಕ್ಕೆ ಕುಸಿದು ಬಾಯಿಬಿಟ್ಟು ಅತ್ತಳು. ಬೆಳಗಿನಿಂದ ಹೀಗೆ ಅತ್ತಿರಲಿಲ್ಲ. ಗಂಡನ ಮೇಲೆ ಸಿಟ್ಟು ಬಂತು, ಮೈದುನನ ಮುಂದೆ ನಾಚಿಕೆಯಾಯಿತು.

"ಅವರು ಹಾಕ್ತಿದ್ದ ಎಣ್ಣೇನೇ ಹಾಕು," ಎಂದಳು ಕೊನೆಗೆ.

"ಮತ್ತೆ ಕೂಗುತ್ತೆ ಅತ್ತಿಗೆ."

"ಕೂಗಲಿ."

ಸಂಜೆ ಎಣ್ಣೆ ತುಂಬಿಸಿ, ಗೇರು ಸರಿ ಬೀಳುತ್ತದೋ ನೋಡಲು ಮೈದುನ ಬೀದಿ ಸುತ್ತಿಬರಲು ಹೋದ. ಬರುವಾಗ ತಿರುವಿನಲ್ಲಿ ವ್ಯಾನು ಊಳಿಟ್ಟಿತು. ಒಳಗೆ ಅವಳು ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟು, ನೆಂಟರ ಕಾಲು ದಾಟಿಕೊಂಡು ಬಂದು ಬಾಗಿಲಲ್ಲಿ ನಿಂತಳು.

ವ್ಯಾನು ಮನೆ ಮುಂದೆ ನಿಂತಿತು. ಮೈದುನ ಇಳಿಯಲಿಲ್ಲ. ಮುಖವನ್ನು ಆ ಕಡೆ ತಿರುಗಿಸಿಕೊಂಡು, ಇಂಜಿನ್ ಆರಿಸದೆ, ಅವಳು ಒಳಗೆ ಹೋಗುವವರೆಗೂ ಹಾಗೇ ಕೂತಿದ್ದ.